ಬಾಗಿಲ ಹಿಂದಿನ ದನಿ

ನನ್ನನ್ನು ಸನ್ಮಾನಕ್ಕೆ ಕರೆದವರು ಹಾರ ಹಾಕುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: ಹೀಗೆ ದನಿ ಬದಲಿಸಿ ಮಾತಾಡುವುದನ್ನು ಎಲ್ಲಿ ಕಲಿತಿರಿ? ನಾನು ಮಂದಿ ನೋಡಿ ಸುಳ್ಳು ಹೇಳುತ್ತ ಬಂದಿದ್ದೇನೆ. ನಾಟಕದವರು ಕೇಳಿದರೆ ಕಂಪನಿಯಲ್ಲಿ ಕಲಿತೆ ಎಂದಿದ್ದೇನೆ. ಅಲ್ಲಿ ವರ್ಷಗಟ್ಟಲೆ ಹಾಸ್ಯದ ನಕಲಿ ಪಾತ್ರ ಮಾಡಿದ್ದು, ಮೂಗಿಗೆ ಬಣ್ಣ ಬಳಿದುಕೊಂಡು ಬಿದ್ದೆದ್ದು ಮಂದಿಯನ್ನು ನಗಿಸಿದ್ದು ನಿಜ. ರೇಡಿಯೋದವರು ಕೇಳಿದರೆ ಮೈಕಿನ ಮುಂದೆ ಕಲಿತೆ ಎಂದಿದ್ದೇನೆ. ರೈತರ ಕಾರ್ಯಕ್ರಮದಲ್ಲಿ ಜಗಳಗಂಟಿ ಮುದುಕಿಯಾಗಿ, ಮಕ್ಕಳ ಕಾರ್ಯಕ್ರಮದಲ್ಲಿ ಕಾಗೆಯಾಗಿ, ಮಹಿಳೆಯರ ಕಾರ್ಯಕ್ರಮದಲ್ಲಿ ಬರೀ ನಾನಾಗಿ ಮಾತಾಡಿ ಸಂಬಳ ತಿಂದದ್ದೂ ನಿಜ. ನಾನಾಗಿ ಮಾತಾಡುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು, ಅದು ಬೇರೆ ಮಾತು. ಆದರೆ ಕಲಿತದ್ದು ಅಲ್ಲೆಲ್ಲೂ ಅಲ್ಲ. ಆಳಂದದ ನಮ್ಮ ಮನೆಯಲ್ಲಿ ಪಡಸಾಲೆಗೂ ಅಡಿಗೆಮನೆಗೂ ನಡುವೆ ಒಂದು ಬಾಗಿಲಿತ್ತು. ನಾನು ಕಲಿತದ್ದು ಅಲ್ಲಿ.

ಮಣ್ಣಿನ ಮಾಳಿಗೆಯ ಮನೆ ಅದು. ಗೋಡೆ ಎಷ್ಟು ದಪ್ಪವೆಂದರೆ ಅದರೊಳಗಿನ ಗೂಡಿನಲ್ಲಿ ನಾನು ಕಾಲು ಮಡಚಿಕೊಂಡು ಕೂತು ಶೇಂಗಾ ತಿನ್ನಬಹುದಿತ್ತು. ಅಡಿಗೆಮನೆಗೆ ಕಿಟಕಿಯೇ ಇರಲಿಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು. ಅದರಿಂದ ಬಿಸಿಲಿನ ಒಂದು ತುಂಡು ನೆಲಕ್ಕೆ ಬಿದ್ದು, ಒಲೆಯಿಂದ ಶುರುವಾಗಿ ಬೀಸುಕಲ್ಲಿನವರೆಗೆ ದಿನವೆಲ್ಲ ತೆವಳುತ್ತಿತ್ತು. ಅವ್ವನಿಗೆ ಅದೇ ಗಡಿಯಾರ. ಬಿಸಿಲು ನೀರಿನ ಕೊಡದ ಹತ್ತಿರ ಬಂದರೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಪಡಸಾಲೆಯಲ್ಲಿ ಗಾದಿ, ಲೋಡು, ಮೂಲೆಯಲ್ಲಿ ಬಿತ್ತುವ ಕೂರಿಗೆ, ಗೋಡೆಗುಂಟ ಜೋಳದ ಚೀಲಗಳು. ಗಾದಿಯ ಮೇಲೆ ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ. ಅವನ ಹೆಂಡತಿ, ನನ್ನ ಆಯಿ, ನಾನು ಹುಟ್ಟುವ ಮೊದಲೇ ಹೋಗಿದ್ದಳು. ಅಪ್ಪ ಅಫಜಲಪುರದ ಕಚೇರಿಯಲ್ಲಿ ಉರ್ದು ಬರೆಯುವ ಗುಮಾಸ್ತ, ಅಮಾವಾಸ್ಯೆಗೊಮ್ಮೆ ಬರುತ್ತಿದ್ದ. ಹೀಗಾಗಿ ತಿಂಗಳಲ್ಲಿ ಇಪ್ಪತ್ತೆಂಟು ದಿನ ಆ ಮನೆಯಲ್ಲಿ ಇದ್ದವರು ಮೂವರೇ: ಮುತ್ಯಾ, ಅವ್ವ, ನಾನು.

ಆ ಮೂವರಲ್ಲಿ ಇಬ್ಬರು ಒಬ್ಬರೊಡನೊಬ್ಬರು ಮಾತಾಡುವಂತಿರಲಿಲ್ಲ. ಜಗಳವಲ್ಲ, ಪದ್ಧತಿ. ಸೊಸೆ ಮಾವನ ಎದುರು ಬಾಯಿ ತೆರೆಯಬಾರದು, ಮಾವ ಸೊಸೆಯನ್ನು ನೇರ ಮಾತಾಡಿಸಬಾರದು. ಮದುವೆಯಾಗಿ ಹತ್ತು ವರ್ಷವಾದರೂ ಅವ್ವ ಮುತ್ಯಾನಿಗೆ ಒಂದು ಶಬ್ದ ಆಡಿರಲಿಲ್ಲ. ನಾನು ಹುಟ್ಟುವ ಮೊದಲು ಮನೆ ಚೆಂಬಿನ ಮೇಲೆ ನಡೆಯುತ್ತಿತ್ತಂತೆ. ಚೆಂಬನ್ನು ನೆಲಕ್ಕೆ ಒಮ್ಮೆ ಕುಕ್ಕಿದರೆ ಊಟ ಆಗಿದೆ ಎಂದು, ಎರಡು ಸಲ ಕುಕ್ಕಿದರೆ ಯಾರೋ ಬಂದಿದ್ದಾರೆ ಎಂದು. ನನಗೆ ಮಾತು ಬಂದ ಮೇಲೆ ಚೆಂಬಿಗೆ ವಿಶ್ರಾಂತಿ ಸಿಕ್ಕಿತು. ಆ ಬಾಗಿಲ ಹೊಸ್ತಿಲ ಮೇಲೆ ನಿಂತು ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಹೇಳುವುದು ನನ್ನ ಕೆಲಸವಾಯಿತು.

"ನೀಲಾ, ರೊಟ್ಟಿ ಆಗ್ಯಾವ, ಏಳಬೇಕಂತ ಮುತ್ಯಾಗ ಹೇಳು."

"ಮುತ್ಯಾ, ರೊಟ್ಟಿ ಆಗ್ಯಾವಂತ, ಏಳಬೇಕಂತ."

"ಪಲ್ಯಾ ಏನ ಮಾಡ್ಯಾಳಂತ ಕೇಳು."

"ಅವ್ವಾ, ಪಲ್ಯಾ ಏನಂತ?"

"ಪುಂಡಿಪಲ್ಯ ಅಂತ ಹೇಳು."

ಇಬ್ಬರ ನಡುವೆ ಇದ್ದದ್ದು ಆರೇಳು ಹೆಜ್ಜೆ. ಮುತ್ಯಾನ ಕಿವಿ ಚುರುಕು, ಓಣಿಯ ತುದಿಯಲ್ಲಿ ಯಾರು ಯಾರನ್ನು ಬೈದರು ಎಂಬುದೂ ಅವನಿಗೆ ಕೇಳುತ್ತಿತ್ತು. ಅವ್ವ ಅಂದ ಪುಂಡಿಪಲ್ಯ ಕೇಳದೆ ಇರುತ್ತದೆಯೇ? ಕೇಳಿದರೂ ಕೇಳಿದಂತಲ್ಲ. ನಾನು ಹೇಳುವವರೆಗೆ ಅವನು ಗೋಡೆ ನೋಡುತ್ತ ಕಾಯುತ್ತಿದ್ದ. ಒಮ್ಮೆ ನಾನು ಅಂಗಳದಲ್ಲಿ ಕೋಳಿಮರಿಯ ಬೆನ್ನು ಹತ್ತಿ ಹೋಗಿಬಿಟ್ಟೆ. ತಿರುಗಿ ಬಂದಾಗ ರೊಟ್ಟಿ ತಣ್ಣಗಾಗಿ ಸೆಟೆದುಕೊಂಡಿದ್ದವು. ಒಳಗೆ ಅವ್ವ ಸುಮ್ಮನೆ ಕೂತಿದ್ದಳು, ಹೊರಗೆ ಮುತ್ಯಾ ಹಸಿದುಕೊಂಡು ಸುಮ್ಮನೆ ಕೂತಿದ್ದ. ಇಬ್ಬರೂ ನನ್ನನ್ನು ಬೈದರು, ಅದನ್ನೂ ನನ್ನ ಮೂಲಕವೇ.

ಏಳೆಂಟು ವರ್ಷದವಳಿಗೆ ಬರೀ ಮಾತು ಹೊತ್ತು ಹೊತ್ತು ಬೇಸರವಾಗದೆ ಇರುತ್ತದೆಯೇ? ಮಾತಿನ ಜೊತೆ ದನಿಯನ್ನೂ ಹೊರತೊಡಗಿದೆ. ಮುತ್ಯಾ ಮಾತಾಡುವ ಮೊದಲು ಗಂಟಲು ಕೆರೆದು, ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸುತ್ತಿದ್ದ. ನಾನು ಕೆನ್ನೆ ಉಬ್ಬಿಸಿ ಅಡಿಗೆಮನೆಯಲ್ಲಿ ಅದನ್ನೇ ಮಾಡಿದರೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು. ಅವ್ವ ಮಾತು ಶುರು ಮಾಡುವ ಮೊದಲು ಒಮ್ಮೆ ಉಸಿರು ನುಂಗುತ್ತಿದ್ದಳು, ಕೊನೆಯ ಶಬ್ದ ಗಾಳಿಗೆ ಹೋಗಿಬಿಡುತ್ತಿತ್ತು. ಪಡಸಾಲೆಯಲ್ಲಿ ಅದನ್ನು ಮಾಡಿ ತೋರಿಸಿದರೆ ಮುತ್ಯಾನ ಹೊಟ್ಟೆ ಅಲುಗುತ್ತಿತ್ತು. ಅವನ ಗೆಳೆಯ ಸಾತಪ್ಪ ದಿನಾ ಎಲೆ ತಿನ್ನಲು ಬರುತ್ತಿದ್ದ. ಬಂದವನೇ ನನ್ನನ್ನು ಕರೆಯುತ್ತಿದ್ದ.

"ಏ ನೀಲಿ, ಚಹಾ ಬೇಕಂತ ಒಳಗ ಹೇಳು. ನಿಮ್ಮವ್ವ ಏನಂದ್ಳು, ಅದನ್ನ ಬಂದು ಮಾಡಿ ತೋರಸು. ಬೆಲ್ಲಾ ಕೊಡ್ತೇನಿ."

ಬೆಲ್ಲದ ಹೆಂಟೆಗಿಂತ ಆ ನಗು ನನಗೆ ಹೆಚ್ಚು ರುಚಿಸುತ್ತಿತ್ತು. ಅವ್ವ ಅನ್ನದ್ದನ್ನೂ ಸೇರಿಸಿ ಹೇಳತೊಡಗಿದೆ. ಕೈ ತಿರುವುವುದು, ಸೆರಗು ಎಳೆದುಕೊಳ್ಳುವುದು, ಇಲ್ಲದ ಬಿಕ್ಕಳಿಕೆ. ಗಂಡಸರು ನಗುತ್ತಿದ್ದರು. ಒಳಗಿನವಳಿಗೆ ಅದು ಹೇಗೆ ಕೇಳಿಸುತ್ತಿತ್ತೋ ನಾನು ಒಂದು ಸಲವೂ ಯೋಚಿಸಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಆ ವರ್ಷ ಮಳೆ ಚೆನ್ನಾಗಿ ಆಗಿ ಹಿಂಗಾರಿ ಜೋಳದ ಬಿತ್ತಿಗೆ ನಡೆದಿತ್ತು. ನಮ್ಮ ಕಡೆಯ ಕರಿ ನೆಲದ ಹದ ಬಹಳ ದಿನ ನಿಲ್ಲುವುದಿಲ್ಲ. ಹದ ಹಾರುವುದರೊಳಗೆ ಬಿತ್ತಬೇಕು, ಇಲ್ಲದಿದ್ದರೆ ಬೀಜ ಏಳುವುದಿಲ್ಲ. ಇದ್ದ ಎರಡು ಜೊತೆ ಎತ್ತುಗಳೂ ಬೆಳಗಿನಿಂದ ಹೊಲದಲ್ಲೇ. ಅಂಥ ಹೊತ್ತಿನಲ್ಲಿ ಜೇವರ್ಗಿಯಿಂದ ಸಂತೆಗೆ ಬಂದವನೊಬ್ಬ ನಮ್ಮ ಹಿತ್ತಲ ಬಾಗಿಲಿಗೆ ಬಂದು, ಅವ್ವನ ತವರಿನ ಸುದ್ದಿ ಹೇಳಿ ಹೋದ. ಅವ್ವನ ಅವ್ವ ಹಾಸಿಗೆ ಹಿಡಿದಿದ್ದಾಳೆ, ಅನ್ನ ಬಿಟ್ಟಿದ್ದಾಳೆ. ಅವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಅಪ್ಪ ಬರಲು ಇನ್ನೂ ಹದಿನೈದು ದಿನವಿತ್ತು. ಬಂದರೂ ತಂದೆಯ ಎದುರು ಹೆಂಡತಿಯ ಪರ ಮಾತಾಡುವ ಗಂಡಸಲ್ಲ ಅವನು. ಕೇಳುವುದಾದರೆ ಮುತ್ಯಾನನ್ನೇ ಕೇಳಬೇಕು, ಕೇಳುವುದಾದರೆ ನನ್ನ ಬಾಯಿಂದಲೇ ಕೇಳಿಸಬೇಕು. ಅವಳು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ತಲೆಗೂದಲು ಸರಿ ಮಾಡಿ ಹೇಳಿದಳು.

"ಅವ್ವಗ ಆರಾಮಿಲ್ಲಂತ, ನಾಕ ದಿನ ಹೋಗಿ ಮಾರಿ ನೋಡಿ ಬರ್ತಾಳಂತ ಹೇಳು. ಬಂಡಿ ಬೇಕಂತ ಹೇಳು. ಛಂದಾಗಿ ಹೇಳವ್ವಾ."

ನಾನು ಛಂದಾಗಿಯೇ ಹೇಳಿದೆ, ನನಗೆ ತಿಳಿದ ಛಂದ ಯಾವುದೋ ಆ ರೀತಿ. ಪಡಸಾಲೆಯಲ್ಲಿ ಸಾತಪ್ಪನಿದ್ದ, ಅವನ ಜೊತೆ ಇನ್ನಿಬ್ಬರಿದ್ದರು. ಇಷ್ಟು ಮಂದಿ ನನ್ನ ಕಡೆ ತಿರುಗಿದ್ದನ್ನು ಕಂಡು ನನ್ನ ಮೈ ಏರಿತು. ಸೆರಗಿಲ್ಲದ ತಲೆಯ ಮೇಲೆ ಸೆರಗು ಎಳೆದುಕೊಂಡೆ, ಉಸಿರು ನುಂಗಿದೆ, ಎಲ್ಲರಿಗೂ ಕೇಳುವ ಹಾಗೆ ಬಿಕ್ಕಳಿಸಿದೆ, "ಅವ್ವಾ, ನನ್ನವ್ವಾ" ಎಂದು ಎದೆ ಬಡಿದುಕೊಂಡೆ, ಕೊನೆಗೆ ಬಂಡಿಯ ಮಾತು ಹೇಳಿದೆ. ನಾಲ್ಕು ಗಂಡಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುತ್ಯಾ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡು ಅಂದ:

"ಬಿತ್ತಿಗಿ ಮುಗೀಲಿ, ಆಮ್ಯಾಲ ನೋಡೂಣಂತ ಹೇಳು. ಮುದುಕಿ ಎಲ್ಲಿ ಓಡಿ ಹೋಗ್ತಾಳ."

ನಾನು ಗೆದ್ದವಳ ಹಾಗೆ ಒಳಗೆ ಬಂದೆ. ಅವ್ವ ಹಂಚಿನ ಮುಂದೆ ಕೂತಿದ್ದಳು. ರೊಟ್ಟಿ ಸೀಯುತ್ತಿತ್ತು, ಅವಳು ತಿರುವಿ ಹಾಕಿರಲಿಲ್ಲ.

"ನಕ್ಕರೇನು?" ಎಂದು ಕೇಳಿದಳು.

"ನಕ್ರು," ಎಂದೆ. ಅಷ್ಟು ಹೇಳುವುದರೊಳಗೆ ನನಗೆ ಅರ್ಥವಾಯಿತು. ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಸೀದ ರೊಟ್ಟಿಯನ್ನು ತೆಗೆದು ತನ್ನ ತಾಟಿಗೆ ಹಾಕಿಕೊಂಡಳು. ಆ ದಿನ ಸಂಜೆ ಮುತ್ಯಾನ ಊಟದ ಹೊತ್ತಿಗೆ ನಾನು ಹೊಸ್ತಿಲ ಮೇಲೆ ನಿಂತು ಕಾದೆ. ಅವ್ವ ನನ್ನನ್ನು ಕರೆಯಲಿಲ್ಲ. ಗೂಡಿನಲ್ಲಿದ್ದ ಹಿತ್ತಾಳೆಯ ಚೆಂಬನ್ನು ತೆಗೆದು ನೆಲಕ್ಕೆ ಒಮ್ಮೆ ಕುಕ್ಕಿದಳು.

ಎರಡು ದಿನ ಮನೆ ಚೆಂಬಿನ ಮೇಲೆಯೇ ನಡೆಯಿತು. ನನ್ನ ಕೆಲಸ ಹೋಯಿತು. ಮುಂದೆ ನಾಟಕ ಕಂಪನಿ ಮುಳುಗಿ ಬೀದಿಗೆ ಬಂದಾಗಲೂ, ನಿಮ್ಮ ದನಿಗೆ ವಯಸ್ಸಾಯಿತು ಎಂದು ರೇಡಿಯೋದವರು ಮೆತ್ತಗೆ ಹೇಳಿದಾಗಲೂ ಆ ಎರಡು ದಿನದಷ್ಟು ನೋವಾಗಲಿಲ್ಲ. ಅವ್ವ ಕೇಳಿದ್ದಕ್ಕೆ ಹೌದು, ಇಲ್ಲ ಎನ್ನುತ್ತಿದ್ದಳು, ಉಣ್ಣಲು ಇಡುತ್ತಿದ್ದಳು, ಜಡೆ ಹಾಕುತ್ತಿದ್ದಳು. ಜಡೆ ಹಾಕುವಾಗ ಅವಳ ಕಣ್ಣೀರು ನನ್ನ ಕುತ್ತಿಗೆಯ ಮೇಲೆ ಬೀಳುತ್ತಿತ್ತು. ಎರಡನೆಯ ದಿನ ಜೇವರ್ಗಿಯ ಕಡೆಯಿಂದ ಬಂದ ಬಳೆಗಾರ ಮತ್ತೆ ಸುದ್ದಿ ತಂದ: ಮುದುಕಿ ಕಣ್ಣು ಬಿಟ್ಟಾಗೆಲ್ಲ ಮಗಳು ಬಂದಳೇನು ಎಂದು ಕೇಳುತ್ತಿದ್ದಾಳೆ. ಅವ್ವ ಅವನಿಗೆ ನೀರು ಕೊಟ್ಟು ಕಳಿಸಿದಳು. ಮುತ್ಯಾನಿಗೆ ಏನನ್ನೂ ಹೇಳಿ ಕಳಿಸಲಿಲ್ಲ. ಚೆಂಬಿನಲ್ಲಿ ಆ ಸುದ್ದಿಗೆ ಗುರುತಿರಲಿಲ್ಲ.

ಮರುದಿನ ನಾನೇ ಹೋದೆ. ಮುತ್ಯಾ ಮುಂಜಾನೆಯ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಅಡಕತ್ತರಿ ಹಿಡಿದು ಕೂತಿದ್ದ. ನನ್ನ ಮುಖ ಕಂಡದ್ದೇ ತಡ, ಅವನ ಮೀಸೆಯ ಕೆಳಗೆ ನಗು ಶುರುವಾಯಿತು.

"ಬಾ, ಬಾ. ಇವತ್ತೇನು ನಕಲಿ ತಂದೀದಿ?"

"ನಕಲಿ ಅಲ್ಲ ಮುತ್ಯಾ. ಖರೇನ ಹೇಳಾಕತ್ತೇನಿ. ಅಜ್ಜಿಗೆ ಭಾಳ ಜಡ್ಡಾಗೇದಂತ."

ನನ್ನ ದನಿ ನಡುಗಿತು. ನಿಜವಾಗಿಯೂ ನಡುಗಿತು. ಆದರೆ ನಾನು ನಡುಗಿಸಿ ನಡುಗಿಸಿ ಅವನನ್ನು ನಗಿಸಿದ್ದ ದನಿಯೂ ಅದೇ ಆಗಿತ್ತು. ಅವನು ತೊಡೆ ತಟ್ಟಿ ನಕ್ಕು, ಸಾತಪ್ಪ ಬರಲಿ, ಇನ್ನೊಮ್ಮೆ ಮಾಡುವೆಯಂತೆ ಎಂದ. ನಾನು ಅಳುತ್ತ ಒಳಗೆ ಓಡಿದೆ. ಅದಕ್ಕೂ ಅವನು ನಕ್ಕ. ಕೆಟ್ಟವನಲ್ಲ ನನ್ನ ಮುತ್ಯಾ. ಸೊಸೆ ಹೆತ್ತ ತಾಯಿಗಾಗಿ ಅಳುತ್ತಿದ್ದಾಳೆಂದು ತಿಳಿದರೆ ನಗುವವನಲ್ಲ. ಅದು ಅವನಿಗೆ ತಿಳಿಯದ ಹಾಗೆ ಮಾಡಿದವಳು ನಾನು.

ಅಡಿಗೆಮನೆಯಲ್ಲಿ ಅವ್ವ ಇರಲಿಲ್ಲ. ಹಿತ್ತಲ ಬಾಗಿಲಿನಿಂದ ಬಾವಿಗೆ ನೀರಿಗೆ ಹೋಗಿದ್ದಳು. ಬೆಳಕಿಂಡಿಯ ಬಿಸಿಲು ಇನ್ನೂ ಒಲೆಯ ಹತ್ತಿರವೇ ಇತ್ತು. ನಾನು ಬಾಗಿಲ ಹಿಂದೆ, ಅವ್ವ ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತೆ. ಅಲ್ಲಿಂದ ಪಡಸಾಲೆ ಕಾಣುವುದಿಲ್ಲ, ಪಡಸಾಲೆಗೆ ಅಲ್ಲಿ ನಿಂತವರು ಕಾಣುವುದಿಲ್ಲ. ಮುಖ ಕಂಡರೆ ತಾನೇ ಅವನು ನಗುವುದು, ಅನ್ನಿಸಿತು. ನನ್ನ ಬಳೆಗಳ ಸದ್ದು ಸಣ್ಣದು, ಹುಡುಗಿಯದೆಂದು ಗೊತ್ತಾಗಿಬಿಡುತ್ತದೆ ಎಂದು ಅವುಗಳನ್ನು ಮೊಣಕೈಗೆ ಏರಿಸಿ ಒತ್ತಿ ಹಿಡಿದೆ. ಅವ್ವನ ಹಾಗೆ ಉಸಿರು ನುಂಗಿದೆ. ಅಷ್ಟು ದಿನ ನಾನು ಆ ಉಸಿರನ್ನು ನಗಿಸುವುದಕ್ಕಾಗಿ ನುಂಗಿದ್ದೆ. ಅವಳು ಅದನ್ನು ಹೆದರಿಕೆಯಿಂದ ನುಂಗುತ್ತಿದ್ದಳೆಂದು ಅಂದು ಅವಳ ಜಾಗದಲ್ಲಿ ನಿಂತಾಗ ತಿಳಿಯಿತು.

"ಮಾವಾರೆ," ಎಂದೆ. "ನಮ್ಮವ್ವನ ಮಾರಿ ಒಮ್ಮೆ ನೋಡಿ ಬರ್ತೇನ್ರಿ. ಇಲ್ಲ ಅನಬ್ಯಾಡ್ರಿ."

ಅಡಕತ್ತರಿಯ ಸದ್ದು ನಿಂತಿತು. ಹತ್ತು ವರ್ಷದಲ್ಲಿ ಆ ಬಾಗಿಲ ಆಚೆಯಿಂದ ಒಂದು ಮಾತು ನೇರವಾಗಿ ಅವನ ಮೇಲೆ ಬಿದ್ದಿರಲಿಲ್ಲ. ಆಮೇಲೆ ಅವನು ಗಂಟಲು ಕೆರೆದ.

"ನೀಲಿ," ಎಂದು ಕೂಗಿದ. "ಎಲ್ಲಿದ್ದಿ, ಇಲ್ಲಿ ಬಾ."

ಈಗ ನನ್ನ ಪಜೀತಿ ನೋಡಬೇಕು. ಆ ಬಾಗಿಲಿನಿಂದಲೇ ಹೊರಗೆ ಬಂದರೆ ಕಳ್ಳತನ ಬಯಲಾಗುತ್ತದೆ. ಹಿತ್ತಲಿಗೆ ಹಾರಿ, ಸೆಗಣಿ ಕುಳ್ಳಿನ ರಾಶಿ ತುಳಿದು, ಓಣಿ ಸುತ್ತಿ ತಲೆಬಾಗಿಲಿನಿಂದ ಒಳಗೆ ಬಂದೆ.

"ಯಾಕ ತೇಕಾಕತ್ತಿ?"

"ಓಡಿ ಬಂದೆ."

"ಎಲ್ಲಿಂದ?"

"ಹೊರಗ ಆಡಾಕತ್ತಿದ್ದೆ."

ಅವನು ನನ್ನ ಲಂಗಕ್ಕೆ ಅಂಟಿದ ಕುಳ್ಳಿನ ಪುಡಿಯನ್ನು ನೋಡಿದ, ಮೊಣಕೈಯಲ್ಲಿ ಸಿಕ್ಕಿಕೊಂಡ ಬಳೆಗಳನ್ನು ನೋಡಿದ. ನಗಲಿಲ್ಲ.

"ನಿಮ್ಮವ್ವಗ ಹೇಳು. ನಾಳಿ ಮುಂಜಾನೆ ಬಂಡಿ ಹೂಡಸ್ತೇನಂತ ಹೇಳು. ಬಿತ್ತಿಗಿ ಒಂದ ಜೋಡಿ ಎತ್ತಿನಾಗ ಆಗ್ತದಂತ ಹೇಳು."

ಅವ್ವ ಕೊಡ ಹೊತ್ತು ಬಂದಾಗ ನಾನು ಆ ಮಾತನ್ನು ಯಾರ ದನಿಯೂ ಇಲ್ಲದೆ, ಮುಖ ತಗ್ಗಿಸಿ ಹೇಳಿದೆ. ಅವಳು ಕೊಡ ಇಳಿಸದೆ ಹಾಗೆಯೇ ನಿಂತಳು. ಏನು ಹೇಳಿ ಒಪ್ಪಿಸಿದೆ ಎಂದು ಕೇಳಿದಳು. ನೀನು ಹೇಳಿದ್ದನ್ನೇ ಹೇಳಿದೆ ಎಂದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಮರುದಿನ ಹೊಲದ ಹಿರಿಯ ಆಳು ಮಲ್ಲಪ್ಪ ಬಂಡಿ ಹೂಡಿದ. ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ನಮ್ಮಿಬ್ಬರನ್ನು ಕೂಡಿಸಿದ. ಎಷ್ಟೋ ಹೊತ್ತು ಅವ್ವ ದಾರಿಯನ್ನೇ ನೋಡುತ್ತಿದ್ದಳು. ಎರಡೂ ಕಡೆಯ ಹೊಲಗಳಲ್ಲಿ ಕೂರಿಗೆ ನಡೆದಿದ್ದವು, ಹೆಂಗಸರು ಹಾಡುತ್ತ ಬೀಜ ಬಿಡುತ್ತಿದ್ದರು. ಕಲಬುರ್ಗಿ ಇನ್ನೂ ಎರಡು ಹರದಾರಿ ಇರುವಾಗ ನನ್ನಿಂದ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಅವ್ವ ಥಟ್ಟನೆ ನನ್ನ ಕಡೆ ತಿರುಗಿದಳು.

"ನಾನೇ ಮಾತಾಡಿದೆ ಅಂತ ತಿಳಕೊಂಡಾರ?"

"ಹೂಂ."

"ಮಾವಾರ ಎದುರು ಬಾಯಿ ತಗದಾಕಿ ಅಂತ ಆತು. ತಿರುಗಿ ಹೋಗಿ ನಾ ಹ್ಯಾಂಗ ಮಾರಿ ತೋರಸ್ಲಿ?"

ಅವಳು ನನ್ನ ಬೆನ್ನಿಗೆ ಒಂದು ಗುದ್ದು ಹಾಕಿ, ಅದೇ ಕೈಯಿಂದ ನನ್ನನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, ಮಲ್ಲಪ್ಪನಿಗೆ ಕೇಳದ ಹಾಗೆ, "ಏನಂತ ಅಂದಿ, ನನಗ ಅಂದು ತೋರಸು" ಎಂದಳು. ನಾನು ಅವಳ ಕಿವಿಯಲ್ಲಿ ಅಂದು ತೋರಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ತನ್ನ ದನಿ ಹೀಗಿದೆಯೇ ಎಂದು ಕೇಳಿದಳು, ಹೌದೆಂದೆ. ಮತ್ತೆ ಆ ಮಾತು ತೆಗೆಯಲಿಲ್ಲ.

ರಾತ್ರಿ ಕಲಬುರ್ಗಿಯಲ್ಲಿ ತಂಗಿ, ಮರುದಿನ ಭೀಮೆಯ ದಂಡೆಯಲ್ಲಿ ನಮ್ಮನ್ನಿಳಿಸಿ ಮಲ್ಲಪ್ಪ ಬಿತ್ತಿಗೆಗೆಂದು ಹಿಂತಿರುಗಿದ. ದೋಣಿಯಲ್ಲಿ ಹೊಳೆ ದಾಟಿ, ಆಚೆ ದಂಡೆಯಲ್ಲಿ ಜೇವರ್ಗಿಯವರ ಬಂಡಿ ಹತ್ತಿ ನಾವು ಮನೆ ಮುಟ್ಟಿದಾಗ ಅಜ್ಜಿ ಇದ್ದಳು. ಮಗಳ ಕೈ ಹಿಡಿದು ಗುರುತಿಸಿದಳು, ಅವಳ ಕೈಯಿಂದ ಗಂಜಿ ಕುಡಿದಳು. ನಾಲ್ಕು ದಿನ ಆ ತಾಯಿ ಮಗಳು ಒಂದೇ ಹಾಸಿಗೆಯಲ್ಲಿ ಮಲಗಿಕೊಂಡು ಮಾತಾಡಿದರು. ಅವ್ವನಲ್ಲಿ ಅಷ್ಟು ಮಾತು ಇದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಹೊಸ್ತಿಲ ಮೇಲೆ ಕೂತು ಕೇಳಿದೆ. ಅಲ್ಲಿ ಯಾರಿಗೂ ಯಾರ ಮಾತನ್ನೂ ದಾಟಿಸಬೇಕಿರಲಿಲ್ಲ. ಐದನೆಯ ದಿನ ಮುಂಜಾನೆ ಅಜ್ಜಿ ಹೋದಳು.

ಎಲ್ಲ ಕಾರ್ಯ ಮುಗಿಸಿ ಸೋದರಮಾವನ ಜೊತೆ ಆಳಂದಕ್ಕೆ ಹಿಂತಿರುಗಿದೆವು. ಊರು ಹತ್ತಿರವಾದಂತೆ ಅವ್ವನ ಸೆರಗು ಮುಖದ ಮೇಲೆ ಇಳಿಯುತ್ತ ಬಂತು. ಬಾಗಿಲ ಹಿಂದಿನಿಂದ ಮಾತಾಡಿದ ಸೊಸೆ ಎಂಬ ಹೆಸರು ಹೊತ್ತು ಅವಳು ಆ ಮನೆಗೆ ಹೋಗುತ್ತಿದ್ದಳು, ಹೊರಿಸಿದವಳು ಪಕ್ಕದಲ್ಲೇ ಕೂತಿದ್ದಳು. ಇಷ್ಟು ವರ್ಷದ ಮೇಲೆ ನನಗನ್ನಿಸುವುದು ಬೇರೆ. ಓಣಿಯ ತುದಿಯ ಬೈಗುಳ ಕೇಳುವ ಮುತ್ಯಾನಿಗೆ ತನ್ನ ಮೊಮ್ಮಗಳ ದನಿ ಗುರುತಾಗದೆ ಇರಲಿಲ್ಲ. ಗೊತ್ತಾಗಿಯೂ ಅವನು ಅದನ್ನು ಸೊಸೆಯ ಮಾತೆಂದೇ ನಡೆಸಿಕೊಟ್ಟ. ಅಂದು ಮಾತ್ರ ನನಗೆ ಹೆದರಿಕೆಯೊಂದೇ ಇತ್ತು.

ಮುತ್ಯಾ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಬಂಡಿ ನಿಂತಿತು. ಅವ್ವ ಇಳಿದು, ಮುಖ ಆಚೆ ಮಾಡಿ ಗೋಡೆಗೆ ಸರಿದು ನಿಂತು, ನನ್ನ ಭುಜ ಮುಟ್ಟಿದಳು.

"ಬಂದೇವಂತ ಹೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಮುತ್ಯಾ ಅಂಗೈ ಎತ್ತಿ ನನ್ನನ್ನು ತಡೆದ. ನೆಲ ನೋಡುತ್ತಲೇ, ಗಂಟಲು ಕೆರೆಯದೆ, ಅವನು ಕೇಳಿದ:

"ನಿಮ್ಮವ್ವ ಮಾತಾಡಿದಳೇನವ್ವಾ?"

ಅದು ನನಗೆ ಕೇಳಿದ್ದಲ್ಲ, ನನ್ನ ಅವ್ವನಿಗೆ, ಅವಳ ಅವ್ವನ ಬಗ್ಗೆ ಕೇಳಿದ್ದು. ನಾನು ಅವನನ್ನು ನೋಡಿದೆ, ಅವ್ವನನ್ನು ನೋಡಿದೆ. ಎತ್ತು ಕತ್ತು ಕೊಡವಿತು. ಸೋದರಮಾವ ಬಂಡಿಯ ಆಚೆ ಸರಿದು ಏನೋ ಬಿಚ್ಚುವವನ ಹಾಗೆ ನಿಂತ. ಅವ್ವ ನನ್ನ ಭುಜದ ಮೇಲಿನ ಕೈ ತೆಗೆದಳು.

"ಮಾತಾಡಿದ್ಳ್ರಿ, ಮಾವಾರೆ. ನಾಕ ದಿನ ಮಾತಾಡಿದ್ಳು."

ಉಸಿರು ನುಂಗಲಿಲ್ಲ, ಕೊನೆಯ ಶಬ್ದ ಗಾಳಿಗೆ ಹೋಗಲಿಲ್ಲ. ಆಚೆ ಮನೆಯವರಿಗೂ ಕೇಳುವಂಥ ತುಂಬಿದ ದನಿ. ನನ್ನ ಅವ್ವನ ದನಿಯನ್ನು ನಾನು ಅಷ್ಟು ದಿನ ಬಹಳ ಸಣ್ಣದಾಗಿ ತೆಗೆದಿದ್ದೆ.